ಗ್ರಹಗಳ ಬಿಸಿ: ಒತ್ತಡದ ಪಾಲೆಷ್ಟು, ಬಿಸಿಲಿನ ಪಾಲೆಷ್ಟು?

ಈ ಬಾರಿ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಬೇರೆ ಬೇರೆ ದಿಕ್ಕಿನಿಂದ ಕೇಳಿವೆ. ಹೀಗಾಗಿ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ಶುಕ್ರ ಗ್ರಹದ ಅಪಾರ ಬಿಸಿಗೆ ಹಸಿರುಮನೆ ಪರಿಣಾಮವೇ ಕಾರಣವೆಂದು ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇನೆ. ಈಚೆಗೆ ಪರಿಚಿತರೊಬ್ಬರು ಕಳುಹಿಸಿದ ವಿಡಿಯೊದಲ್ಲಿ, ಗ್ರಹದ ನೆಲದ ತಾಪಮಾನವನ್ನು ನಿರ್ಧರಿಸಲು ಅಲ್ಲಿ ಬೀಳುವ ಬಿಸಿಲು ಮತ್ತು ವಾಯುಮಂಡಲದ ಒತ್ತಡ ಇವೆರಡೇ ಸಾಕು, ಗಾಳಿಯಲ್ಲಿ ಯಾವ ಅನಿಲವಿದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ ಎಂದು ವಾದಿಸಿದ್ದಾರೆ. ಸೈಕಲ್ ಪಂಪಿನಲ್ಲಿ ಗಾಳಿಯನ್ನು ಒತ್ತಿದಾಗ ಪಂಪು ಬಿಸಿಯಾಗುವುದನ್ನು ಉದಾಹರಣೆಯಾಗಿ ಕೊಟ್ಟಿದ್ದಾರೆ. ಇದರಲ್ಲಿ ನಿಜವೆಷ್ಟು?
– ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಉತ್ತರ: ನೀವು ಮಕ್ಕಳಿಗೆ ಹೇಳಿಕೊಡುತ್ತಿರುವುದು ಸರಿಯಾಗಿದೆ. ಆದರೆ ವಿಡಿಯೊದವರ ವಾದದಲ್ಲಿ ಒಂದು ನಿಜದ ಎಳೆಯೂ ಇರುವುದರಿಂದ ಅದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕದೆ ಬಿಡಿಸಿ ನೋಡುವುದು ಒಳ್ಳೆಯದು.

ಶುಕ್ರನ ನೆಲದ ತಾಪಮಾನ ಸುಮಾರು 464 ಡಿಗ್ರಿ ಸೆಲ್ಸಿಯಸ್. ಸೂರ್ಯನಿಗೆ ಅತಿ ಸಮೀಪದ ಬುಧ ಗ್ರಹದ ಮಟಮಟ ಮಧ್ಯಾಹ್ನದ ಬಿಸಿಯೂ ಸುಮಾರು 430 ಡಿಗ್ರಿಗೆ ನಿಲ್ಲುತ್ತದೆ. ಶುಕ್ರನ ನೆಲದ ಮೇಲಿನ ಒತ್ತಡ ನಮ್ಮ ಸಮುದ್ರಮಟ್ಟದ ಒತ್ತಡದ 90 ಪಟ್ಟಿಗೂ ಹೆಚ್ಚು. ಇಷ್ಟು ಬಿಸಿ, ಇಷ್ಟು ಒತ್ತಡ ಎರಡೂ ಒಂದೇ ಕಡೆ ಕಂಡಾಗ ಒಂದರಿಂದಲೇ ಇನ್ನೊಂದು ಬಂದಿರಬೇಕು ಎನ್ನಿಸುವುದು ಸಹಜ.

ಸೈಕಲ್ ಪಂಪು ಬಿಸಿಯಾಗುವುದು ಒಳಗಿನ ಗಾಳಿಯ ಒತ್ತಡ ಹೆಚ್ಚಿರುವುದರಿಂದಲ್ಲ, ಆ ಒತ್ತಡವನ್ನು ಹೆಚ್ಚಿಸಲು ನಿಮ್ಮ ಕೈ ದುಡಿಯುತ್ತಿರುವುದರಿಂದ. ಕೈಯ ದುಡಿಮೆ ಗಾಳಿಯ ಶಾಖವಾಗಿ ಬದಲಾಗುತ್ತದೆ. ಒತ್ತುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿ ನೋಡಿದರೆ ಪಂಪು ತಣ್ಣಗಾಗಿರುತ್ತದೆ, ಟೈರಿನೊಳಗಿನ ಗಾಳಿಯೂ ಹೊರಗಿನ ಗಾಳಿಯ ತಾಪಮಾನಕ್ಕೇ ಬಂದಿರುತ್ತದೆ. ಒತ್ತಡ ಮಾತ್ರ ಹಾಗೆಯೇ ಉಳಿದಿರುತ್ತದೆ. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳದಲ್ಲಿ ಒತ್ತಡವು ಸಮುದ್ರಮಟ್ಟದ ಸಾವಿರ ಪಟ್ಟಿಗಿಂತ ಹೆಚ್ಚಿದ್ದರೂ ನೀರು ಹೆಪ್ಪುಗಟ್ಟುವ ಬಿಂದುವಿಗಿಂತ ಒಂದೆರಡು ಡಿಗ್ರಿಯಷ್ಟೇ ಮೇಲಿದೆ. ಒತ್ತಡವು ಒಂದು ಸ್ಥಿತಿ. ಅದು ಹಾಗೆಯೇ ನಿಂತಿರುವವರೆಗೆ ಶಾಖವನ್ನು ಹುಟ್ಟಿಸಲಾರದು, ಮತ್ತು ಗ್ರಹವೊಂದು ಪ್ರತಿ ಕ್ಷಣವೂ ಆಕಾಶಕ್ಕೆ ಶಾಖವನ್ನು ಕಳೆದುಕೊಳ್ಳುತ್ತಿರುವುದರಿಂದ ಅದನ್ನು ಬಿಸಿಯಾಗಿಡಲು ಪ್ರತಿ ಕ್ಷಣವೂ ಶಕ್ತಿ ಬರುತ್ತಲೇ ಇರಬೇಕು.

ಆ ಶಕ್ತಿ ಬರುವುದು ಸೂರ್ಯನಿಂದ. ಶುಕ್ರನ ದೂರದಲ್ಲಿ ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರಿಗೆ ಸುಮಾರು 2,600 ವಾಟ್ ಬಿಸಿಲು ಬೀಳುತ್ತದೆ. ಗ್ರಹವು ಗೋಳವಾಗಿರುವುದರಿಂದಲೂ ಅದರ ಅರ್ಧ ಭಾಗ ಸದಾ ಕತ್ತಲೆಯಲ್ಲಿರುವುದರಿಂದಲೂ ಸರಾಸರಿ ಹಿಡಿದರೆ ಇದು ನಾಲ್ಕನೇ ಒಂದು ಪಾಲು, ಅಂದರೆ 650 ವಾಟ್ ಆಗುತ್ತದೆ. ಗಂಧಕಾಮ್ಲದ ದಟ್ಟ ಮೋಡಗಳು ಅದರಲ್ಲಿ ಸುಮಾರು ಮುಕ್ಕಾಲು ಪಾಲನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತವೆ. ಕೊನೆಗೆ ಗ್ರಹ ಹೀರಿಕೊಳ್ಳುವುದು ಚದರ ಮೀಟರಿಗೆ 156 ವಾಟಿನ ಆಸುಪಾಸು. ಭೂಮಿ ಇದೇ ಲೆಕ್ಕದಲ್ಲಿ ಸುಮಾರು 240 ವಾಟ್ ಹೀರಿಕೊಳ್ಳುತ್ತದೆ. ಸೂರ್ಯನಿಗೆ ಹೆಚ್ಚು ಹತ್ತಿರವಿದ್ದೂ ಶುಕ್ರನು ನಮಗಿಂತ ಕಡಿಮೆ ಬಿಸಿಲನ್ನು ಒಳಗೆ ತೆಗೆದುಕೊಳ್ಳುತ್ತಾನೆ ಎಂಬ ಈ ಸಂಗತಿ ಎಷ್ಟು ಸಲ ಓದಿದರೂ ನನಗೆ ಹೊಸದಾಗಿಯೇ ಕಾಣುತ್ತದೆ.

ಈಗ ಹೊರಹೋಗುವ ಕಡೆಯ ಲೆಕ್ಕ. ಬಿಸಿಯಾದ ಯಾವುದೇ ವಸ್ತು ತನ್ನ ಕೆಲ್ವಿನ್ ತಾಪಮಾನದ (ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದರೆ ಸಿಗುವುದು) ನಾಲ್ಕನೇ ಘಾತಕ್ಕೆ ಅನುಗುಣವಾಗಿ ಶಕ್ತಿಯನ್ನು ಸೂಸುತ್ತದೆ ಎಂಬುದು 1879ರಲ್ಲಿ ಸ್ಟೆಫಾನ್ ಕಂಡುಕೊಂಡು, ಐದು ವರ್ಷದ ಬಳಿಕ ಬೋಲ್ಟ್ಸ್‌ಮನ್ ಸಿದ್ಧಾಂತದ ಬುನಾದಿ ಒದಗಿಸಿದ ನಿಯಮ. ಅದರಂತೆ 464 ಡಿಗ್ರಿಯ ನೆಲವು ಚದರ ಮೀಟರಿಗೆ ಸುಮಾರು 16,700 ವಾಟ್ ಅವಗೆಂಪು ವಿಕಿರಣವನ್ನು, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು, ಸೂಸಬೇಕು. ಸೂರ್ಯನಿಂದ ಸಿಗುತ್ತಿರುವುದು 156 ವಾಟ್, ನೆಲ ಸೂಸುತ್ತಿರುವುದು 16,700 ವಾಟ್. ಗಾಳಿಯು ಅವಗೆಂಪು ಕಿರಣಗಳಿಗೆ ಪಾರದರ್ಶಕವಾಗಿದ್ದಿದ್ದರೆ ಇಷ್ಟೂ ಶಕ್ತಿ ನೇರವಾಗಿ ಆಕಾಶಕ್ಕೆ ಹೋಗಿ, ಒತ್ತಡ 90 ಪಟ್ಟಲ್ಲ, 900 ಪಟ್ಟಿದ್ದರೂ ನೆಲವು ತಣಿಯುತ್ತ ತಣಿಯುತ್ತ, ಒಳಬರುವ 156 ವಾಟನ್ನಷ್ಟೇ ಸೂಸುವ ಮಟ್ಟಕ್ಕೆ, ಎಂದರೆ ಶೂನ್ಯಕ್ಕಿಂತ ಸುಮಾರು 44 ಡಿಗ್ರಿ ಕೆಳಕ್ಕೆ ಇಳಿಯುತ್ತಿತ್ತು. ಹಾಗೆ ಆಗಿಲ್ಲವೆಂದರೆ ನೆಲದ ವಿಕಿರಣವನ್ನು ನಡುವೆ ಯಾವುದೋ ತಡೆದು ಹೀರಿಕೊಳ್ಳುತ್ತಿದೆ ಎಂದೇ ಅರ್ಥ. ಶುಕ್ರನ ಗಾಳಿಯಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಪಾಲಿರುವ ಕಾರ್ಬನ್ ಡೈಆಕ್ಸೈಡ್, ಜೊತೆಗೆ ಗಂಧಕದ ಡೈಆಕ್ಸೈಡ್, ಸ್ವಲ್ಪವೇ ಇರುವ ನೀರಾವಿ ಮತ್ತು ಮೋಡಗಳು ಆ ಕೆಲಸ ಮಾಡುತ್ತಿವೆ. ಹಸಿರುಮನೆ ಪರಿಣಾಮವೆಂದರೆ ಇದೇ. ವಿಡಿಯೊದ ವಾದಕ್ಕೆ ಈ ಒಂದು ಲೆಕ್ಕವೇ ಸಾಕಾದ ಉತ್ತರ ಎಂದು ನನ್ನ ಅಭಿಪ್ರಾಯ.

ಇನ್ನು ನಿಜದ ಎಳೆಯ ಮಾತು. ಗಾಳಿಯು ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗುವಾಗ ತಣಿಯುತ್ತದೆ. ಇಳಿದಂತೆ ಕುಗ್ಗಿ ಬಿಸಿಯಾಗುತ್ತದೆ. ಈ ಏರಿಳಿತದಿಂದಾಗಿ ತಾಪಮಾನವು ಎತ್ತರದೊಂದಿಗೆ ಒಂದು ಕ್ರಮದಲ್ಲಿ ಇಳಿಯುತ್ತದೆ. ಭೂಮಿಯಲ್ಲಿ ಸರಾಸರಿ ಕಿಲೋಮೀಟರಿಗೆ 6.5 ಡಿಗ್ರಿ, ಶುಕ್ರನಲ್ಲಿ ಸುಮಾರು 8 ಡಿಗ್ರಿ. ಆದರೆ ಈ ಇಳಿಜಾರು ಒಂದು ಎತ್ತರಕ್ಕೂ ಇನ್ನೊಂದು ಎತ್ತರಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ಹೇಳುತ್ತದೆಯೇ ಹೊರತು ಯಾವ ಎತ್ತರದಲ್ಲಿ ಎಷ್ಟು ತಾಪಮಾನ ಎಂಬುದನ್ನಲ್ಲ. ಅದನ್ನು ತೀರ್ಮಾನಿಸುವುದು, ಅವಗೆಂಪು ವಿಕಿರಣ ಕೊನೆಗೂ ತಡೆಯಿಲ್ಲದೆ ಆಕಾಶಕ್ಕೆ ಪಾರಾಗುವ ಎತ್ತರ. ಶುಕ್ರನಲ್ಲಿ ಆ ಎತ್ತರ ಮೋಡಗಳ ಮೇಲ್ಭಾಗದಲ್ಲಿ, ಸುಮಾರು 65 ಕಿಲೋಮೀಟರಿನಲ್ಲಿದೆ. ಅಲ್ಲಿನ ತಾಪಮಾನ ಶೂನ್ಯಕ್ಕಿಂತ 44 ಡಿಗ್ರಿ ಕೆಳಗಿನ ಆಸುಪಾಸು. ಅಲ್ಲಿಂದ ಕಿಲೋಮೀಟರಿಗೆ 8 ಡಿಗ್ರಿಯಂತೆ ಕೆಳಗಿಳಿದು ಬಂದರೆ ನೆಲದಲ್ಲಿ ಸರಿಸುಮಾರು ಈಗಿರುವ ಬಿಸಿಯೇ ಸಿಗುತ್ತದೆ. ಭೂಮಿಯಲ್ಲಿ ಆ ಎತ್ತರ ಸುಮಾರು 5 ಕಿಲೋಮೀಟರ್, ತಾಪಮಾನ ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ. ನೆಲಕ್ಕೆ ಬರುವಷ್ಟರಲ್ಲಿ 33 ಡಿಗ್ರಿ ಏರಿ 15 ಆಗುತ್ತದೆ. ಗಾಳಿ ದಪ್ಪವಾಗಿದ್ದರೆ ಇಳಿಜಾರಿನ ಉದ್ದ ಹೆಚ್ಚಲು ಅವಕಾಶವಿದೆ ಎಂಬಷ್ಟರ ಮಟ್ಟಿಗೆ ಒತ್ತಡದ ಪಾತ್ರ ದೊಡ್ಡದೇ. ಆದರೆ ಹೀರುವ ಅನಿಲಗಳೇ ಇಲ್ಲದಿದ್ದರೆ ವಿಕಿರಣ ನೆಲದಿಂದಲೇ ಪಾರಾಗುತ್ತದೆ, ಇಳಿಜಾರಿನ ತಣ್ಣನೆಯ ತುದಿ ನೆಲದ ಮಟ್ಟದಲ್ಲೇ ಶುರುವಾಗುತ್ತದೆ.

ಅನಿಲ ನಿಯಮದಲ್ಲಿ ಒತ್ತಡ ಮತ್ತು ಸಾಂದ್ರತೆ ಹಾಕಿದರೆ ತಾಪಮಾನ ತಾನಾಗಿ ಬರುತ್ತದಲ್ಲ ಎಂದೂ ಆ ಬಗೆಯ ವಿಡಿಯೊಗಳಲ್ಲಿ ಕೇಳುತ್ತಾರೆ. ಬರುತ್ತದೆ, ನಿಜ. ಶುಕ್ರನ ನೆಲದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 65 ಕಿಲೋಗ್ರಾಂ ತೂಗುತ್ತದೆ. ಅದನ್ನೂ ಒತ್ತಡವನ್ನೂ ಸೂತ್ರಕ್ಕೆ ಹಾಕಿದರೆ 464 ಡಿಗ್ರಿಯೇ ಬರುತ್ತದೆ. ಆದರೆ ಮೇಲಿರುವ ಗಾಳಿಯ ಒಟ್ಟು ಭಾರದಿಂದ ಒತ್ತಡ ನಿಗದಿಯಾಗುತ್ತದೆ, ಶಕ್ತಿಯ ಆಯವ್ಯಯದಿಂದ ತಾಪಮಾನ ನಿಗದಿಯಾಗುತ್ತದೆ, ಸಾಂದ್ರತೆ ಇವೆರಡಕ್ಕೂ ಹೊಂದಿಕೊಳ್ಳುತ್ತದೆ. ನಾಳೆ ಶುಕ್ರ ತಣಿದರೆ ಅದೇ ಒತ್ತಡದಲ್ಲಿ ಗಾಳಿ ಇನ್ನಷ್ಟು ಸಾಂದ್ರವಾಗುತ್ತದೆ, ಸೂತ್ರ ಆಗಲೂ ಸರಿಹೊಂದುತ್ತದೆ. ಹೊಂದಿಕೊಂಡ ಸಾಂದ್ರತೆಯನ್ನು ಅಳೆದು ತಂದು ತಾಪಮಾನಕ್ಕೆ ಕಾರಣವೆಂದು ಹೇಳುವುದು ಫಲವನ್ನು ಕಾರಣದ ಜಾಗದಲ್ಲಿ ಕೂರಿಸಿದಂತೆ.

ಪ್ರಶ್ನೆ: ಶುಕ್ರನ ವಾಯುಮಂಡಲದಲ್ಲಿ ನಮ್ಮ ಸಮುದ್ರಮಟ್ಟದಷ್ಟೇ ಒತ್ತಡವಿರುವ ಎತ್ತರದಲ್ಲಿ ತಾಪಮಾನ ಸುಮಾರು 66 ಡಿಗ್ರಿ ಇರಬೇಕೆಂದು ಸೂರ್ಯನ ದೂರವನ್ನಷ್ಟೇ ಬಳಸಿ ಲೆಕ್ಕ ಹಾಕಬಹುದಂತೆ, ಅಳತೆಯೂ ಅದಕ್ಕೆ ಹೊಂದುತ್ತದಂತೆ. ಹಾಗಿದ್ದರೆ ಕಾರ್ಬನ್ ಡೈಆಕ್ಸೈಡಿನ ಪಾತ್ರವೇ ಇಲ್ಲವೆಂದಾಗಲಿಲ್ಲವೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಲೆಕ್ಕ ಹೀಗಿದೆ. ಶುಕ್ರನು ಭೂಮಿಯ ದೂರದ 0.72 ಪಾಲು ದೂರದಲ್ಲಿರುವುದರಿಂದ ಅಲ್ಲಿ ಬೀಳುವ ಬಿಸಿಲು 1.9 ಪಟ್ಟು. ಅದರ ನಾಲ್ಕನೇ ಮೂಲ 1.176. ಭೂಮಿಯ 288 ಕೆಲ್ವಿನನ್ನು ಅದರಿಂದ ಗುಣಿಸಿದರೆ 339 ಕೆಲ್ವಿನ್, ಅಂದರೆ 66 ಡಿಗ್ರಿ ಸೆಲ್ಸಿಯಸ್. ಶುಕ್ರನಲ್ಲಿ ಸುಮಾರು 50 ಕಿಲೋಮೀಟರ್ ಎತ್ತರದಲ್ಲಿ, ನಮ್ಮ ಒತ್ತಡವೇ ಇರುವಲ್ಲಿ, ತಾಪಮಾನ 70ರ ಆಸುಪಾಸಿನಲ್ಲಿರುವುದೂ ನಿಜ. 1985ರಲ್ಲಿ ಸೋವಿಯತ್ ಒಕ್ಕೂಟದ ವೇಗಾ ನೌಕೆಗಳು ಬಿಟ್ಟ ಎರಡು ಬಲೂನುಗಳು ಇನ್ನೂ ಸ್ವಲ್ಪ ಮೇಲೆ, 54 ಕಿಲೋಮೀಟರಿನ ಸುತ್ತ, ಸುಮಾರು ಅರ್ಧ ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸಮುದ್ರಮಟ್ಟದ ಒತ್ತಡ) ಒತ್ತಡದಲ್ಲಿ ಎರಡು ದಿನಗಳಷ್ಟು ಕಾಲ ತೇಲಿದಾಗ ಅವುಗಳ ಸುತ್ತಲಿದ್ದದ್ದು ನಮ್ಮ ಬೇಸಿಗೆಯಂಥ ಮೂವತ್ತರ ಮೇಲಿನ ತಾಪಮಾನ.

ಆದರೆ ಆ ಲೆಕ್ಕದಲ್ಲಿ ಬಳಸಿರುವುದು ಬೀಳುವ ಬಿಸಿಲನ್ನು, ಹೀರಿಕೊಂಡ ಬಿಸಿಲನ್ನಲ್ಲ. ಗ್ರಹವನ್ನು ಬಿಸಿಮಾಡುವುದು ಹೀರಿಕೊಂಡದ್ದು ಮಾತ್ರ. ಕನ್ನಡಿಯಂತೆ ಹಿಂದಕ್ಕೆ ಹೋದ ಬೆಳಕಿಗೂ ತಾಪಮಾನಕ್ಕೂ ಸಂಬಂಧವಿಲ್ಲ. 156 ಮತ್ತು 240ರ ಅನುಪಾತವನ್ನು ತೆಗೆದುಕೊಂಡು ಅದೇ ಲೆಕ್ಕ ಮಾಡಿದರೆ ಬರುವ ಉತ್ತರ 259 ಕೆಲ್ವಿನ್, ಅಂದರೆ ಶೂನ್ಯಕ್ಕಿಂತ 14 ಡಿಗ್ರಿ ಕೆಳಗೆ. ಅಳತೆಗೂ ಇದಕ್ಕೂ 80 ಡಿಗ್ರಿಗಿಂತ ಹೆಚ್ಚಿನ ಅಂತರವಿದೆ. ಶುಕ್ರನ ಹೆಚ್ಚು ಪ್ರತಿಫಲನ ತಂದ ತಂಪೂ, ಹೆಚ್ಚು ಹೀರಿಕೆ ತಂದ ಬಿಸಿಯೂ ಆ ಒಂದು ಎತ್ತರದಲ್ಲಿ ಹೆಚ್ಚುಕಡಿಮೆ ಸರಿದೂಗಿದ್ದರಿಂದ ಮೊದಲ ಲೆಕ್ಕ ಹೊಂದಿದಂತೆ ಕಂಡಿತು. ಸೂರ್ಯನಿಂದ ಒಂದೇ ದೂರದಲ್ಲಿರುವ ಶನಿ ಮತ್ತು ಅದರ ಉಪಗ್ರಹ ಟೈಟನ್ ಇವುಗಳಲ್ಲಿ ಒಂದು ಬಾರ್ ಒತ್ತಡದ ಮಟ್ಟವನ್ನು ಹೋಲಿಸಿ ನೋಡಿ. ಶನಿಯಲ್ಲಿ ಅಲ್ಲಿ ಶೂನ್ಯಕ್ಕಿಂತ 139 ಡಿಗ್ರಿ ಕೆಳಗೆ, ಟೈಟನ್‌ನಲ್ಲಿ 180ಕ್ಕೂ ಕೆಳಗೆ. ಶನಿಯ ಒಡಲಿನಿಂದ ಹೊರಬರುವ ಶಾಖ ಇದಕ್ಕೆ ಒಂದು ಕಾರಣ, ಅನಿಲಗಳ ಮತ್ತು ಮಬ್ಬಿನ ವ್ಯತ್ಯಾಸ ಇನ್ನೊಂದು. ದೂರವೂ ಒತ್ತಡವೂ ಒಂದೇ ಇದ್ದ ಮಾತ್ರಕ್ಕೆ ತಾಪಮಾನ ಒಂದೇ ಆಗಲಿಲ್ಲ.

ಇದೇ ಧಾಟಿಯಲ್ಲಿ ಕೆಲವು ವರ್ಷಗಳ ಹಿಂದೆ ಆರು ಕಾಯಗಳ ತಾಪಮಾನವನ್ನು ಒತ್ತಡದೊಂದಿಗೆ ಜೋಡಿಸುವ ಸೂತ್ರವೊಂದು ಪ್ರಕಟವಾಗಿತ್ತು. ನಾಲ್ಕು ಸ್ಥಿರಾಂಕಗಳನ್ನು ಬೇಕಾದಂತೆ ಹೊಂದಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಆರು ಬಿಂದುಗಳ ಮೂಲಕ ನಯವಾದ ಗೆರೆ ಎಳೆಯುವುದು ಕಷ್ಟವಲ್ಲ. ಎಂಜಿನಿಯರಿಂಗ್ ಓದುತ್ತಿರುವ ನಿಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಪ್ರಶ್ನೆ: ಗಾಳಿಯಿಲ್ಲದ ಚಂದ್ರನ ಸರಾಸರಿ ತಾಪಮಾನ ಭೂಮಿಗಿಂತ 90 ಡಿಗ್ರಿಯಷ್ಟು ಕಡಿಮೆಯಂತೆ. ಹಾಗಾದರೆ ವಾಯುಮಂಡಲದ ಕೊಡುಗೆ 90 ಡಿಗ್ರಿ ಎನ್ನಬೇಕಲ್ಲವೇ? 33 ಎಂದು ಏಕೆ ಹೇಳುತ್ತಾರೆ?
– ಓದುಗರು, ಧಾರವಾಡ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಒತ್ತಡಕ್ಕೆ ಸಲ್ಲಬೇಕಾದ ಗೌರವವೂ ಅದರ ಮಿತಿಯೂ ಎರಡೂ ಸ್ಪಷ್ಟವಾಗುತ್ತವೆ.

ಚಂದ್ರನ ಮೇಲೆ ತಾಪಮಾನ ಎಷ್ಟು ಏರುಪೇರಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋ ಸಂಸ್ಥೆಯೇ ನೇರವಾದ ಸಾಕ್ಷ್ಯ ತಂದಿದೆ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನಲ್ಲಿ ‘ಚಾಸ್ಟೆ’ ಎಂಬ ಉಪಕರಣವಿತ್ತು. ಮೈಮೇಲೆ ಹತ್ತು ತಾಪಮಾನ ಸಂವೇದಕಗಳಿದ್ದ ಅದರ ಸಲಾಕೆಯನ್ನು ಮಣ್ಣಿನೊಳಕ್ಕೆ ನಿಧಾನವಾಗಿ ಇಳಿಸಲಾಯಿತು. ಕೆಲ ದಿನಗಳಲ್ಲಿ ಇಸ್ರೋ ಹೊರಡಿಸಿದ ನಕ್ಷೆಯಲ್ಲಿ ಮೇಲ್ಮೈಯ ತಾಪಮಾನ 50 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಕೇವಲ 8 ಸೆಂಟಿಮೀಟರ್ ಆಳದಲ್ಲಿ, ಅಂದರೆ ಒಂದು ಗೇಣಿಗಿಂತಲೂ ಕಡಿಮೆ ಅಂತರದಲ್ಲಿ, ಅದು ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿತ್ತು. ಗಾಳಿಯಿಲ್ಲದ, ಪುಡಿಪುಡಿಯಾದ ಆ ಮಣ್ಣು ಶಾಖವನ್ನು ಕೆಳಕ್ಕೂ ಸಾಗಿಸುವುದಿಲ್ಲ, ಪಕ್ಕಕ್ಕೂ ಸಾಗಿಸುವುದಿಲ್ಲ. ಬಿಸಿಲು ಬಿದ್ದ ಕಡೆ ಕಾದು, ಬಿಸಿಲು ಸರಿದ ಮೇಲೆ ತಣ್ಣಗಾಗುವುದಷ್ಟೇ ಅದಕ್ಕೆ ಗೊತ್ತು. ಹೀಗಾಗಿ ಚಂದ್ರನ ಸಮಭಾಜಕದ ಬಳಿ ಹಗಲು 120 ಡಿಗ್ರಿಯವರೆಗೆ ಏರಿದರೆ, ರಾತ್ರಿ ಶೂನ್ಯಕ್ಕಿಂತ 130ಕ್ಕೂ ಕೆಳಗಿಳಿಯುತ್ತದೆ.

ಸೂಸುವಿಕೆಯು ನಾಲ್ಕನೇ ಘಾತಕ್ಕೆ ಅನುಗುಣವಾಗಿರುವುದರಿಂದ ಬಿಸಿಯಾದ ಭಾಗ ತನ್ನ ಪಾಲಿಗಿಂತ ಎಷ್ಟೋ ಹೆಚ್ಚು ಶಕ್ತಿಯನ್ನು ಚೆಲ್ಲುತ್ತದೆ. ಇದರ ಫಲವಾಗಿ, ಒಟ್ಟು ಒಂದೇ ಶಕ್ತಿಯನ್ನು ಸೂಸುವ ಎರಡು ಗೋಳಗಳಲ್ಲಿ ಹೆಚ್ಚು ಏರುಪೇರಿರುವುದರ ಸರಾಸರಿ ತಾಪಮಾನ ಕಡಿಮೆಯಾಗುತ್ತದೆ, ಎಲ್ಲೆಡೆ ಸಮನಾಗಿರುವುದರ ಸರಾಸರಿ ಗರಿಷ್ಠವಾಗುತ್ತದೆ. ದಟ್ಟವಾದ ವಾಯುಮಂಡಲ ಮತ್ತು ಸಮುದ್ರ ಇರುವ ಗ್ರಹದಲ್ಲಿ ಹಗಲಿನ ಶಾಖ ರಾತ್ರಿಗೂ, ಸಮಭಾಜಕದ ಶಾಖ ಧ್ರುವಗಳಿಗೂ ಹಂಚಿಹೋಗಿ ಸರಾಸರಿ ಮೇಲೇರುತ್ತದೆ. ಗಾಳಿಯ ರಾಶಿ, ಅಂದರೆ ಒತ್ತಡ, ಇಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ. ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ನಮ್ಮ 117 ದಿನ ಹಿಡಿಯುವ ಶುಕ್ರನಲ್ಲಿಯೂ ಹಗಲಿಗೂ ರಾತ್ರಿಗೂ ನೆಲದ ಬಿಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲದಿರುವುದು ಅದರಿಂದಲೇ.

ಆದರೆ ಈ ಹಂಚಿಕೆ ಎಷ್ಟೇ ಪರಿಪೂರ್ಣವಾದರೂ ಸರಾಸರಿಯನ್ನು ಒಂದು ಮಿತಿಯವರೆಗೆ ಮಾತ್ರ ಏರಿಸಬಲ್ಲದು. 240 ವಾಟ್ ಹೀರಿಕೊಳ್ಳುವ ಭೂಮಿಗೆ ಆ ಮಿತಿ 255 ಕೆಲ್ವಿನ್, ಅಂದರೆ ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ. ಅದು ಅಭಿಪ್ರಾಯದ ಮಾತಲ್ಲ, ಗಣಿತದ ಅಸಮಾನತೆಯೊಂದರ ನೇರ ಫಲ. ನಮ್ಮ ಸರಾಸರಿ 288 ಕೆಲ್ವಿನ್ ಇರುವುದರಿಂದ ಮಿತಿಯ ಮೇಲಿನ ಆ 33 ಡಿಗ್ರಿಯನ್ನು ಹಂಚಿಕೆಯಾಗಲಿ ಒತ್ತಡವಾಗಲಿ ಕೊಡಲಾರವು, ಅವಗೆಂಪನ್ನು ಹೀರುವ ಅನಿಲ ಮತ್ತು ಮೋಡಗಳೇ ಕೊಡಬೇಕು. ಚಂದ್ರನೊಂದಿಗೆ ಹೋಲಿಸಿದಾಗ ಸಿಗುವ 90 ಡಿಗ್ರಿಯಲ್ಲಿ ಉಳಿದ ಪಾಲು ಹಂಚಿಕೆಯದ್ದು. ಎರಡು ಅಂಕಿಗಳೂ ಸರಿ, ಅವು ಉತ್ತರಿಸುವ ಪ್ರಶ್ನೆಗಳು ಬೇರೆ.

ಪ್ರಶ್ನೆ: ಮಂಗಳನ ಗಾಳಿಯಲ್ಲಿ ನೂರಕ್ಕೆ 95 ಪಾಲು ಕಾರ್ಬನ್ ಡೈಆಕ್ಸೈಡ್ ಇದೆ. ಆದರೂ ಅದು ಅಷ್ಟು ತಣ್ಣಗಿರುವುದೇಕೆ?
– ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿನಿ, ಹಾಸನ

ಉತ್ತರ: ಶೇಕಡಾವಾರು ದೊಡ್ಡದು, ಗಾಳಿಯೇ ಬಹಳ ತೆಳು ಎಂದು ಸಾಮಾನ್ಯವಾಗಿ ಉತ್ತರಿಸುತ್ತಾರೆ. ಆದರೆ ಅದು ಅರ್ಧ ಉತ್ತರ. ಮಂಗಳದ ನೆಲದ ಒತ್ತಡ ಸುಮಾರು 6 ಮಿಲಿಬಾರ್, ನಮ್ಮ ಒತ್ತಡದ ನೂರರಲ್ಲಿ ಒಂದು ಪಾಲೂ ಇಲ್ಲ. ಹಾಗಿದ್ದರೂ ಅಲ್ಲಿನ ಒಂದು ಚದರ ಮೀಟರ್ ನೆಲದ ಮೇಲೆ ನಿಂತಿರುವ ಕಾರ್ಬನ್ ಡೈಆಕ್ಸೈಡನ್ನು ತೂಗಿದರೆ 150 ಕಿಲೋಗ್ರಾಂ ದಾಟುತ್ತದೆ. ಭೂಮಿಯ ಮೇಲೆ ಅದೇ ತೂಕ ಆರೂವರೆ ಕಿಲೋಗ್ರಾಂ ಮಾತ್ರ. ಇಪ್ಪತ್ತು ಪಟ್ಟಿಗಿಂತ ಹೆಚ್ಚು ಅನಿಲವಿದ್ದೂ ಮಂಗಳದ ಹಸಿರುಮನೆ ಪರಿಣಾಮ ಕೆಲವೇ ಡಿಗ್ರಿಗಳಷ್ಟಿದ್ದು, ಸರಾಸರಿ ತಾಪಮಾನ ಶೂನ್ಯಕ್ಕಿಂತ 60 ಡಿಗ್ರಿ ಕೆಳಗಿನ ಸುತ್ತ ಇದೆ.

ಕಾರಣ ಒತ್ತಡದಲ್ಲಿದೆ, ಆದರೆ ವಿಡಿಯೊಗಳಲ್ಲಿ ಹೇಳುವ ಬಗೆಯಲ್ಲಿ ಅಲ್ಲ. ಕಾರ್ಬನ್ ಡೈಆಕ್ಸೈಡ್ ಅಣುವು ಅವಗೆಂಪಿನ ಎಲ್ಲ ತರಂಗಗಳನ್ನೂ ಹೀರುವುದಿಲ್ಲ. 15 ಮೈಕ್ರೋಮೀಟರಿನ ಸುತ್ತ ಒತ್ತೊತ್ತಾಗಿರುವ ಸಾವಿರಾರು ಸಣ್ಣ ಗೆರೆಗಳಲ್ಲಿ ಹೀರುತ್ತದೆ. ಒತ್ತಡ ಹೆಚ್ಚಿದ್ದಲ್ಲಿ ಅಣುಗಳು ಅಕ್ಕಪಕ್ಕದ ಅಣುಗಳೊಂದಿಗೆ ಮತ್ತೆ ಮತ್ತೆ ಡಿಕ್ಕಿ ಹೊಡೆಯುವುದರಿಂದ ಪ್ರತಿಯೊಂದು ಗೆರೆಯೂ ಅಗಲವಾಗಿ, ಪಕ್ಕದ ಗೆರೆಯೊಂದಿಗೆ ಕೂಡಿಕೊಂಡು, ನಡುವಿನ ಸಂದುಗಳು ಮುಚ್ಚಿಹೋಗುತ್ತವೆ. ಮಂಗಳದ ತೆಳು ಗಾಳಿಯಲ್ಲಿ ಡಿಕ್ಕಿಗಳು ಅಪರೂಪ, ಗೆರೆಗಳು ಕೂದಲೆಳೆಯಷ್ಟು ತೆಳು. ಗೆರೆಯ ನಟ್ಟನಡುವೆ ಹೀರಿಕೆ ಪೂರ್ಣವಾಗಿದ್ದರೂ ಸಂದುಗಳಿಂದ ಶಾಖ ಸೋರಿಹೋಗುತ್ತದೆ. ಭೂಮಿಯಲ್ಲಿ ಸಾರಜನಕ ಮತ್ತು ಆಮ್ಲಜನಕ ತಾವು ಹೆಚ್ಚೇನೂ ಹೀರದಿದ್ದರೂ ಡಿಕ್ಕಿ ಕೊಟ್ಟು ಕಾರ್ಬನ್ ಡೈಆಕ್ಸೈಡಿನ ಕೆಲಸವನ್ನು ಬಲಪಡಿಸುತ್ತವೆ. ಇದರ ಮೇಲೆ ನಮ್ಮಲ್ಲಿ ನೀರಾವಿಯ ಸಹಾಯ ಧಾರಾಳವಾಗಿದೆ, ಮಂಗಳದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಟೈಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 2005ರ ಜನವರಿ 14ರಂದು ಅಲ್ಲಿ ಇಳಿದ ಹೈಗನ್ಸ್ ನೌಕೆ ಅಳೆದ ಒತ್ತಡ ನಮ್ಮದರ ಸುಮಾರು ಒಂದೂವರೆ ಪಟ್ಟು, ತಾಪಮಾನ ಶೂನ್ಯಕ್ಕಿಂತ 179 ಡಿಗ್ರಿ ಕೆಳಗೆ. ಬಿಸಿಲು ನಮ್ಮ ನೂರನೇ ಒಂದು ಪಾಲಿನಷ್ಟು ಇರುವಲ್ಲಿ ಒತ್ತಡ ಹೆಚ್ಚಿದ್ದೂ ಪ್ರಯೋಜನವಾಗಲಿಲ್ಲ. ಆದರೆ ಆ ಚಳಿಯಲ್ಲಿ, ಆ ಸಾಂದ್ರತೆಯಲ್ಲಿ, ಸಾರಜನಕದ ಅಣುಗಳೂ ಪರಸ್ಪರ ಮತ್ತು ಮೀಥೇನಿನೊಂದಿಗೆ ಡಿಕ್ಕಿಯಾಗುವ ಕ್ಷಣದಲ್ಲಿ ಅವಗೆಂಪನ್ನು ಹೀರಲು ಶಕ್ತವಾಗುತ್ತವೆ. ಟೈಟನ್ನಿನ ಹಸಿರುಮನೆ ಪರಿಣಾಮ ಬಹುಮಟ್ಟಿಗೆ ಇದರದ್ದೇ. ಅಲ್ಲಿನ ಕಿತ್ತಳೆ ಬಣ್ಣದ ಮಬ್ಬು ಬಿಸಿಲನ್ನು ಮೇಲೆಯೇ ತಡೆದು ಆ ಪರಿಣಾಮದ ಬಿಸಿಯಲ್ಲಿ ಅರ್ಧದಷ್ಟನ್ನು ಕಳೆದುಬಿಡುವುದರಿಂದ ಉಳಿಯುವ ಲಾಭ ಸುಮಾರು 12 ಡಿಗ್ರಿ.

ಪ್ರಶ್ನೆ: ಇದನ್ನೆಲ್ಲ ಮೊದಲು ಪ್ರಯೋಗ ಮಾಡಿ ನೋಡಿದವರು ಯಾರು?
– ಓದುಗರು, ಉಡುಪಿ

ಉತ್ತರ: ಒತ್ತಡ, ಬಿಸಿಲು, ಅನಿಲ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರಲ್ಲಿ ಅಮೆರಿಕದ ಯೂನಿಸ್ ಫೂಟ್ ಮೊದಲಿಗರು. ಅವರ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನೂ ಸರಿಯಾಗಿ ಬಂದಿಲ್ಲವೆಂಬುದು ನನಗೆ ಬೇಸರದ ಸಂಗತಿ. ಎರಡು ಗಾಜಿನ ಕೊಳವೆಗಳಲ್ಲಿ ಥರ್ಮಾಮೀಟರುಗಳನ್ನು ಇಟ್ಟು, ವಾಯುಪಂಪಿನಿಂದ ಒಂದರ ಗಾಳಿಯನ್ನು ತೆಗೆದು ಇನ್ನೊಂದರಲ್ಲಿ ತುಂಬಿ, ಎರಡನ್ನೂ ಬಿಸಿಲಿಗೆ ಇಟ್ಟರು. ಗಾಳಿ ಒತ್ತಾಗಿದ್ದ ಕೊಳವೆ ಹೆಚ್ಚು ಬಿಸಿಯಾಯಿತು. ಅಲ್ಲಿಗೇ ನಿಲ್ಲದೆ ಒಣಗಾಳಿ ಮತ್ತು ತೇವದ ಗಾಳಿಯನ್ನೂ, ಬಳಿಕ ಬೇರೆ ಬೇರೆ ಅನಿಲಗಳನ್ನೂ ಹೋಲಿಸಿದರು. ಸಾಮಾನ್ಯ ಗಾಳಿ ಸುಮಾರು 41 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಕಾರ್ಬನ್ ಡೈಆಕ್ಸೈಡ್ ತುಂಬಿದ ಕೊಳವೆ 52 ಡಿಗ್ರಿಗೆ ಏರಿತು, ನೆರಳಿಗೆ ತಂದ ಮೇಲೂ ತಣಿಯಲು ಬಹಳ ಹೊತ್ತು ಹಿಡಿಯಿತು. ಅಂಥ ಅನಿಲದ ವಾಯುಮಂಡಲ ಭೂಮಿಗೆ ಹೆಚ್ಚಿನ ತಾಪಮಾನ ಕೊಡುತ್ತಿತ್ತು ಎಂದು ಅವರು ಬರೆದರು. 1856ರ ಆಗಸ್ಟಿನಲ್ಲಿ ಆಲ್ಬನಿ ನಗರದ ವಿಜ್ಞಾನ ಸಮ್ಮೇಳನದಲ್ಲಿ ಅವರ ಆ ಪ್ರಬಂಧವನ್ನು ಓದಿದ್ದು ಭೌತವಿಜ್ಞಾನಿ ಜೋಸೆಫ್ ಹೆನ್ರಿ.

ಫೂಟ್ ಅವರ ಗಾಜಿನ ಕೊಳವೆ ಅವಗೆಂಪನ್ನು ತಡೆಯುವುದರಿಂದ ಬಿಸಿಲಿನ ಕೆಲಸವನ್ನೂ ನೆಲದ ವಿಕಿರಣದ ಕೆಲಸವನ್ನೂ ಅದರಲ್ಲಿ ಬೇರೆ ಮಾಡಲಾಗುತ್ತಿರಲಿಲ್ಲ. ಅದನ್ನು ಬೇರೆ ಮಾಡಿದವರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಜಾನ್ ಟಿಂಡಲ್. 1859ರಲ್ಲಿ ಅವರು ಹಿತ್ತಾಳೆಯ ಉದ್ದ ಕೊಳವೆಯ ಎರಡೂ ತುದಿಗಳಿಗೆ ಅವಗೆಂಪನ್ನು ಬಿಟ್ಟುಕೊಡುವ ಕಲ್ಲುಪ್ಪಿನ ಬಿಲ್ಲೆಗಳನ್ನು ಕೂರಿಸಿ, ಒಂದು ಕಡೆ ಕುದಿಯುವ ನೀರಿನ ಪಾತ್ರೆಯನ್ನು ಶಾಖದ ಮೂಲವಾಗಿ ಇಟ್ಟು, ಇನ್ನೊಂದು ಕಡೆ ಬಂದು ತಲುಪುವ ಶಾಖವನ್ನು ಗ್ಯಾಲ್ವನೋಮೀಟರಿನ ಮುಳ್ಳಿನಿಂದ ಅಳೆದರು. ಶುದ್ಧ ಸಾರಜನಕ, ಆಮ್ಲಜನಕ ತುಂಬಿದಾಗ ಮುಳ್ಳು ಹೆಚ್ಚುಕಡಿಮೆ ಅಲುಗಲೇ ಇಲ್ಲ. ನೀರಾವಿ, ಕಾರ್ಬನ್ ಡೈಆಕ್ಸೈಡ್ ತುಂಬಿದಾಗ ಸರಿಯಿತು. ಅನಿಲ ಯಾವುದೆಂಬುದು ಲೆಕ್ಕಕ್ಕೆ ಬರುತ್ತದೆ ಎಂದು ಆಗಲೇ ತೀರ್ಮಾನವಾಗಿತ್ತು.

ಪ್ರಶ್ನೆ: ಬೆಟ್ಟದ ಮೇಲೆ ಒತ್ತಡ ಕಡಿಮೆ, ಅಲ್ಲಿ ತಂಪೂ ಹೆಚ್ಚು. ಒತ್ತಡವೇ ಕಾರಣವೆನ್ನಲು ಇದು ಸಾಕಲ್ಲವೇ?
– ಕಾಫಿ ಬೆಳೆಗಾರರು, ಚಿಕ್ಕಮಗಳೂರು

ಉತ್ತರ: ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿ ತಂಪಾಗಿರುವುದು ಮೇಲೆ ಹೇಳಿದ ಇಳಿಜಾರಿನಿಂದ. ಆದರೆ ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ಒತ್ತಡ ಮಂಗಳೂರಿಗಿಂತ ಕಡಿಮೆ. ಮೇ ತಿಂಗಳ ಮಧ್ಯಾಹ್ನ ಅಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ, ಮಂಗಳೂರಿನಲ್ಲಿ 33–34ರ ಸುತ್ತ. ಡಿಸೆಂಬರಿನ ರಾತ್ರಿಯಲ್ಲಿ ಇದೇ ಒಣ ಬಯಲುಸೀಮೆ ಕರಾವಳಿಗಿಂತ ಬಹಳ ತಣ್ಣಗಾಗುತ್ತದೆ. ಸಮುದ್ರದ ಸಾಮೀಪ್ಯ ಇದಕ್ಕೆ ಒಂದು ಕಾರಣ. ಒಣಗಾಳಿಯಲ್ಲಿ ಅವಗೆಂಪನ್ನು ತಡೆಯುವ ನೀರಾವಿ ಕಡಿಮೆಯಿರುವುದು ಇನ್ನೊಂದು. ಒತ್ತಡ ಮಾತ್ರ ಮೇ ತಿಂಗಳಿಗೂ ಡಿಸೆಂಬರಿಗೂ ಹೆಚ್ಚೇನೂ ಬದಲಾಗಿರುವುದಿಲ್ಲ.

ಪ್ರಶ್ನೆ: ಭೂಮಿಯ ಹಿಂದಿನ ಇತಿಹಾಸದಲ್ಲಿ ಒತ್ತಡ ಬದಲಾಗಿತ್ತೇ? ಈಗಿನ ತಾಪಮಾನ ಏರಿಕೆಗೂ ಒತ್ತಡಕ್ಕೂ ಸಂಬಂಧವಿದೆಯೇ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರಮಟ್ಟದಲ್ಲಿ ಹರಿದು ಗಟ್ಟಿಯಾದ ಲಾವಾ ಪದರಗಳಿವೆ. ಲಾವಾದ ತಳದಲ್ಲಿ ಸಿಕ್ಕಿಬಿದ್ದ ಗುಳ್ಳೆಗಳ ಮೇಲೆ ಗಾಳಿಯ ಜೊತೆಗೆ ಲಾವಾದ ಭಾರವೂ ಇರುತ್ತದೆ, ಮೇಲಿನ ಗುಳ್ಳೆಗಳ ಮೇಲೆ ಗಾಳಿಯ ಭಾರ ಮಾತ್ರ. ಇವುಗಳ ಗಾತ್ರಗಳನ್ನು ಹೋಲಿಸಿ ಅಂದಿನ ಒತ್ತಡವನ್ನು ಅಂದಾಜು ಮಾಡಬಹುದು. 2016ರಲ್ಲಿ ಪ್ರಕಟವಾದ ಅಂಥ ಅಧ್ಯಯನವೊಂದು ಆಗಿನ ಒತ್ತಡ ಇಂದಿನ ಅರ್ಧಕ್ಕಿಂತ ಕಡಿಮೆಯಿತ್ತೆಂದು ತೋರಿಸಿತು. ಆಗ ಸೂರ್ಯನ ಹೊಳಪೂ ಇಂದಿನ ಸುಮಾರು ಐದನೇ ನಾಲ್ಕು ಪಾಲಷ್ಟೇ ಇತ್ತು. ಬಿಸಿಲು ಕಡಿಮೆ, ಒತ್ತಡವೂ ಕಡಿಮೆ. ಅವೆರಡೇ ಲೆಕ್ಕವಾಗಿದ್ದರೆ ಸಮುದ್ರಗಳು ಹೆಪ್ಪುಗಟ್ಟಿರಬೇಕಿತ್ತು. ಆದರೆ ಹರಿಯುವ ನೀರು ಇತ್ತೆಂಬುದಕ್ಕೆ ಆ ಕಾಲದ ಶಿಲೆಗಳಲ್ಲಿ ಸ್ಪಷ್ಟ ಗುರುತುಗಳಿವೆ. ಹಸಿರುಮನೆ ಅನಿಲಗಳು ಆಗ ಹೆಚ್ಚಾಗಿದ್ದವೆಂದು ವಿಜ್ಞಾನಿಗಳು ತಿಳಿಯುವುದು ಇದರಿಂದಲೇ.

ಇಪ್ಪತ್ತು ಸಾವಿರ ವರ್ಷಗಳ ಹಿಂದಿನ ಹಿಮಯುಗದಲ್ಲಿ ಭೂಮಿ ಈಗಿಗಿಂತ ಐದಾರು ಡಿಗ್ರಿ ತಣ್ಣಗಿತ್ತು. ಒತ್ತಡ ಹೆಚ್ಚುಕಡಿಮೆ ಇಂದಿನಷ್ಟೇ, ವರ್ಷಪೂರ್ತಿ ಬೀಳುವ ಒಟ್ಟು ಬಿಸಿಲೂ ಹೆಚ್ಚುಕಡಿಮೆ ಇಂದಿನಷ್ಟೇ. ಬಿಸಿಲು ಋತುಗಳ ನಡುವೆ ಹಂಚಿಕೆಯಾಗುವ ಬಗೆ ಬದಲಾಗಿ, ಹಿಮ ಹರಡಿ ಪ್ರತಿಫಲನ ಹೆಚ್ಚಿ, ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 180–190 ಪಾಲಿಗೆ ಇಳಿದಿತ್ತು.

ಈಗಿನ ಏರಿಕೆಗೆ ಒತ್ತಡವನ್ನು ಹೊಣೆ ಮಾಡುವಂತಿಲ್ಲ. ಇಂಧನ ಉರಿದಾಗ ಇಂಗಾಲದೊಂದಿಗೆ ಕೂಡುವ ಆಮ್ಲಜನಕ ಗಾಳಿಯದ್ದೇ ಆಗಿರುವುದರಿಂದ, ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 280ರಿಂದ 420ಕ್ಕೂ ಮೇಲೇರಿದ್ದರೂ ವಾಯುಮಂಡಲದ ಒಟ್ಟು ತೂಕ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೂ ಹೆಚ್ಚಿಲ್ಲ. ಸೂರ್ಯನ ಹೊಳಪನ್ನು 1978ರಿಂದ ಉಪಗ್ರಹಗಳು ಎಡೆಬಿಡದೆ ಅಳೆಯುತ್ತಿವೆ. ಹನ್ನೊಂದು ವರ್ಷಗಳ ಸಣ್ಣ ಏರಿಳಿತ ಬಿಟ್ಟರೆ ಅದು ಏರುತ್ತಿಲ್ಲ.

1967ರಲ್ಲಿ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಅವರು ಕಿಲೋಮೀಟರಿಗೆ 6.5 ಡಿಗ್ರಿಯ ಇಳಿಜಾರನ್ನೂ ಅನಿಲಗಳ ಹೀರಿಕೆಯನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿ, ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾದರೆ ನೆಲ ಎರಡು ಡಿಗ್ರಿಗಿಂತ ಹೆಚ್ಚು ಬಿಸಿಯಾಗುತ್ತದೆ, ಮೇಲಿನ ವಾಯುಪದರವಾದ ಸ್ತರಗೋಳ ತಣಿಯುತ್ತದೆ ಎಂದು ತೋರಿಸಿದರು. ಸೂರ್ಯನೇ ಕಾರಣನಾಗಿದ್ದರೆ ಸ್ತರಗೋಳವೂ ಬಿಸಿಯಾಗಬೇಕಿತ್ತು. ಮನಾಬೆ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ಉಪಗ್ರಹಗಳ ದಶಕಗಳ ದಾಖಲೆಯಲ್ಲಿ ನೆಲದ ಬಳಿಯ ಗಾಳಿ ಬಿಸಿಯಾಗಿರುವುದೂ, ಸ್ತರಗೋಳ ತಣಿದಿರುವುದೂ ಎರಡೂ ಕಂಡಿದ್ದವು.